ಬಾರಿ ನಗರದಲ್ಲಿ ಒಂದೇ ರೂಮು, ಸುತ್ತಮುತ್ತ ರೈಲು: ದಕ್ಷಿಣ ಇಟಲಿ ನೋಡುವ ಬಗೆ

ಅವ್ವನಿಗೆ 68 ವರ್ಷ, ಮೊಣಕಾಲು ನೋವು. ದಿನಾ ಬ್ಯಾಗು ಕಟ್ಟಿ ಹೊಸ ಊರು, ಹೊಸ ರೂಮು ಅಂದರೆ ಆಗದ ಮಾತು. ಅದಕ್ಕೇ ದಕ್ಷಿಣ ಇಟಲಿಯ ಪುಲಿಯಾದಲ್ಲಿರುವ ಬಾರಿ ನಗರದಲ್ಲೇ ಏಳು ರಾತ್ರಿ ಉಳಿದೆವು. ಬೆಳಿಗ್ಗೆ ರೈಲು ಹತ್ತುವುದು, ರಾತ್ರಿ ಊಟಕ್ಕೆ ವಾಪಸ್. ಕಾರು ಬೇಕೇ ಆಗಲಿಲ್ಲ.

ರೂಮನ್ನು ಬಾರಿ ಚೆಂತ್ರಾಲೆ ನಿಲ್ದಾಣದ ಹತ್ತಿರ ಹಿಡಿಯಿರಿ. ಹಳೇ ಊರು ಚೆಂದ ನಿಜ, ಆದರೆ ಅಲ್ಲಿಂದ ದಿನಾ ಬೆಳಿಗ್ಗೆ ನಿಲ್ದಾಣಕ್ಕೆ ನಡೆಯುವುದು ವಯಸ್ಸಾದವರಿಗೆ ಕಷ್ಟ. ನಿಲ್ದಾಣದ ಮುಂದೆ ಆಲ್ಡೊ ಮೋರೊ ಚೌಕ. ನಾಲ್ಕು ಕಂಪನಿಗಳ ರೈಲು ಇಲ್ಲೇ ಸುತ್ತಮುತ್ತ ಸಿಗುತ್ತವೆ. ಸಮುದ್ರದ ದಂಡೆಯ ಊರುಗಳಿಗೆ ಟ್ರೆನಿತಾಲಿಯಾ. ಮಾತೇರಾಗೆ ಅಪ್ಪುಲೊ ಲುಕಾನೆ, ಅದಕ್ಕೆ ಚೌಕದಲ್ಲೇ ಬೇರೆ ಕಟ್ಟಡ. ಆಲ್ಬೆರೊಬೆಲ್ಲೊ ಕಡೆಗೆ ಸುದ್ ಎಸ್ತ್. ಅದರ ಪ್ಲಾಟ್‌ಫಾರ್ಮ್‌ಗೆ ಸುರಂಗದ ದಾರಿ ಹಿಡಿದು ನಿಲ್ದಾಣದ ಹಿಂಬದಿಗೆ ಹೋಗಬೇಕು. ವಿಮಾನ ನಿಲ್ದಾಣಕ್ಕೆ ಫೆರೊಟ್ರಾಮ್‌ವಿಯಾರಿಯಾ. ಒಂದು ಕಂಪನಿಯ ಟಿಕೆಟ್ ಇನ್ನೊಂದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಮೊದಲ ದಿನ ಸಂಜೆ ಸುಮ್ನೆ ಒಂದು ಸುತ್ತು ಹಾಕಿ ನಾಲ್ಕೂ ಬಾಗಿಲು ನೋಡಿಟ್ಟುಕೊಳ್ಳಿ. ಆಮೇಲೆ ಬೆಳಿಗ್ಗೆ ಓಡಾಟ ಇರುವುದಿಲ್ಲ.

ಪ್ರಾದೇಶಿಕ ರೈಲಿನ ದರ ಮೊದಲೇ ತೆಗೆದರೂ ಅಷ್ಟೇ, ಹೊರಡುವ ಮುಂಚೆ ತೆಗೆದರೂ ಅಷ್ಟೇ. ಹಾಗಾಗಿ ತಿಂಗಳ ಮೊದಲೇ ಬುಕ್ ಮಾಡುವ ಚಿಂತೆ ಬೇಡ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಹತ್ತಿರದ ಸಣ್ಣ ಮಷಿನ್‌ಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಮುದ್ರೆ ಇಲ್ಲದಿದ್ದರೆ ದಂಡ. ದೊಡ್ಡದಾಗಿ 'ಟಿ' ಅಕ್ಷರ ಬರೆದ ತಬಾಕ್ಕಿ, ಅಂದರೆ ತಂಬಾಕಿನ ಅಂಗಡಿಗಳಲ್ಲೂ ಬಸ್ ಟಿಕೆಟ್ ಸಿಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ವೇಳಾಪಟ್ಟಿಯಲ್ಲಿ ಕೆಲವು ಸಮಯಗಳ ಪಕ್ಕ ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಸುತ್ತಿಗೆಗಳ ಗುರುತು ಇರುತ್ತದೆ. ಅಂದರೆ 'ಫೆರಿಯಾಲೆ', ಸೋಮವಾರದಿಂದ ಶನಿವಾರದವರೆಗೆ ಮಾತ್ರ. ಶಿಲುಬೆಯ ಗುರುತು ಇದ್ದರೆ 'ಫೆಸ್ತಿವೊ', ಭಾನುವಾರ ಮತ್ತು ಹಬ್ಬದ ದಿನ. ನಾನು ಇದನ್ನು ನೋಡದೆ ಒಂದು ಭಾನುವಾರ ಒಳನಾಡಿನ ಸಣ್ಣ ನಿಲ್ದಾಣದಲ್ಲಿ ಅವ್ವನನ್ನು ಒಂದೂವರೆ ಗಂಟೆ ಬಿಸಿಲಲ್ಲಿ ಕೂರಿಸಿದೆ. ಬೋರ್ಡಿನಲ್ಲಿ ಸಮಯ ಇತ್ತು, ರೈಲು ಬರಲಿಲ್ಲ. ಅವಳ ಬಾಟಲಿಯಲ್ಲಿ ನೀರೂ ಮುಗಿದಿತ್ತು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಒಳನಾಡಿನ ಊರುಗಳನ್ನು ವಾರದ ದಿನ ಇಟ್ಟುಕೊಳ್ಳಿ. ಭಾನುವಾರಕ್ಕೆ ಕರಾವಳಿ.

ಒಂದೇ ದಿನ ಇದ್ದರೆ ಮಾತೇರಾಗೆ ಹೋಗಿ. ಅಲ್ಲಿಗೆ ಹೋಗುವ ಹಳಿಯ ಅಗಲ 950 ಮಿಲಿಮೀಟರ್, ಬಾಗಲಕೋಟೆಯಲ್ಲಿ ಅವ್ವ ಕಂಡ ಹಳೇ ಮೀಟರ್ ಗೇಜ್‌ಗಿಂತಲೂ ಕಿರಿದು. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಕೆಲವು ರೈಲುಗಳು ಆಲ್ತಮೂರಾದಲ್ಲಿ ಎರಡಾಗಿ ಒಡೆಯುತ್ತವೆ, ಅರ್ಧ ಗ್ರವೀನಾ ಕಡೆ ಹೋಗುತ್ತದೆ. ಹತ್ತುವಾಗಲೇ 'ಮಾತೇರಾ?' ಅಂತ ಕೇಳಿ ಕೂರಿ. ಸಾಸ್ಸಿ ಅನ್ನುವ ಬಂಡೆ ಕೊರೆದ ಮನೆಗಳಲ್ಲಿ ಜನ ದನಕರುಗಳ ಜೊತೆಗೇ ಬದುಕಿದ್ದರು. 1952ರ ಕಾನೂನಿನ ಮೇಲೆ ಅವರನ್ನು ಹೊಸ ಮನೆಗಳಿಗೆ ಸಾಗಿಸಿದರು. 1993ರಲ್ಲಿ ಅದೇ ಜಾಗ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೆಳಗಿಳಿದರೆ ಬರೀ ಮೆಟ್ಟಿಲು. ಅವ್ವ ವಿತ್ತೋರಿಯೊ ವೆನೆತೊ ಚೌಕದ ಕಮಾನುಗಳ ಬಳಿ ನಿಂತು ಸಾಸ್ಸಿ ನೋಡಿದಳು. ಮೊಣಕಾಲು ನೋವಿನವರಿಗೆ ಅಷ್ಟು ಸಾಕು.

ಪೊಲಿನ್ಯಾನೊ ಅರ್ಧ ಗಂಟೆಯ ದಾರಿ, ನಿಲ್ದಾಣದಿಂದ ಸಮುದ್ರಕ್ಕೆ ನಡೆದೇ ಹೋಗಬಹುದು. ತ್ರಾನಿಯಲ್ಲಿ ಸಮುದ್ರದ ಅಂಚಿಗೇ ನಿಂತ ದೊಡ್ಡ ಚರ್ಚನ್ನು ಸಂಜೆ ಬೆಳಕಲ್ಲಿ ನೋಡಿ. ಒಸ್ತೂನಿಯಲ್ಲಿ ಊರು ನಿಲ್ದಾಣದಿಂದ ದೂರ, ಬಸ್ಸು ಹಿಡಿಯಬೇಕು. ಆಲ್ಬೆರೊಬೆಲ್ಲೊದ ಶಂಕುವಿನಾಕಾರದ ಕಲ್ಲು ಛಾವಣಿಗಳನ್ನು ನೋಡಲು ಬೆಳಿಗ್ಗೆ ಬೇಗ ಹೋಗಿ. ಹಳಿ ಕೆಲಸ ಇದ್ದರೆ ಆ ಕಡೆಗೆ ರೈಲಿನ ಬದಲು ಬಸ್ಸು ಬಿಡುತ್ತಾರೆ, ಹಿಂದಿನ ದಿನವೇ ಕೇಳಿಕೊಳ್ಳಿ. 'ಶೊಪೆರೊ' ಅನ್ನುವ ಪದ ಕಂಡರೆ ಮುಷ್ಕರ. ಆಗಲೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ಟ್ರೆನಿತಾಲಿಯಾದ ಮುಖ್ಯವಾದ ಪ್ರಾದೇಶಿಕ ರೈಲುಗಳು ಓಡುತ್ತವೆ.

ಸಸ್ಯಾಹಾರಿಗಳಿಗೆ 'ಫಾವೆ ಎ ಚಿಕೋರಿಯಾ' ಇದೆ. ಒಣಕಾಳು ಬೇಯಿಸಿ ನುಣ್ಣಗೆ ಮಾಡಿ, ಪಕ್ಕದಲ್ಲಿ ಕಹಿ ಸೊಪ್ಪು, ಮೇಲೆ ಆಲಿವ್ ಎಣ್ಣೆ. ಸೊಪ್ಪು ಹಾಕಿದ ಒರೆಕ್ಕಿಯೆತ್ತೆ ಅನ್ನುವ ಪಾಸ್ತಾದಲ್ಲಿ ಮಾತ್ರ ಸಾಮಾನ್ಯವಾಗಿ ಸಣ್ಣ ಮೀನು ಸೇರಿಸಿರುತ್ತಾರೆ, ಕೇಳದೆ ತಿನ್ನಬೇಡಿ.

ಕೊನೆಯ ದಿನ ಎಲ್ಲಿಗೂ ಹೋಗದೆ ಬಾರಿಯ ಹಳೇ ಊರಲ್ಲೇ ಇರಿ. ಆರ್ಕೊ ಬಾಸ್ಸೊ ಗಲ್ಲಿಯಲ್ಲಿ ಹೆಂಗಸರು ಮನೆ ಮುಂದೆ ಮೇಜು ಹಾಕಿಕೊಂಡು ಒರೆಕ್ಕಿಯೆತ್ತೆ ಮಾಡುತ್ತಾರೆ. ರವೆ ಹಿಟ್ಟನ್ನು ಬೆರಳ ದಪ್ಪಕ್ಕೆ ಹೊಸೆದು, ಚೂರು ಕತ್ತರಿಸಿ, ಚಾಕುವಿನಿಂದ ಒತ್ತಿ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿ. ಅವ್ವ ನಿಂತಲ್ಲೇ ನಿಂತಳು. 'ಇವ್ರೂ ಗವಲಿ ಮಾಡ್ತಾರಲ್ಲೋ!' ಅಂದಳು. ಅವಳ ಬೆರಳು ಆಡುತ್ತಿದ್ದುದನ್ನು ನೋಡಿ ಮೇಜಿನ ಹಿಂದೆ ಕೂತಿದ್ದ ಅಜ್ಜಿ ಒಂದು ತುಂಡು ಹಿಟ್ಟು ಮುಂದೆ ತಳ್ಳಿದರು. ಅವ್ವ ಬೆರಳ ತುದಿಯಲ್ಲಿ ಹೊಸೆದು ಜೀರಿಗೆಯಷ್ಟು ಸಣ್ಣ ಗವಲಿ ಮಾಡಿ ಮೇಜಿನ ಮೇಲೆ ಇಟ್ಟಳು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು, ಬಗ್ಗಿ, ಒಂದೊಂದನ್ನೇ ನೋಡಿದರು. ಅಲ್ಲಿಂದ ಎರಡು ಪೊಟ್ಟಣ ಒರೆಕ್ಕಿಯೆತ್ತೆ ತಂದೆವು. ನೀವೂ ಚೆನ್ನಾಗಿ ಒಣಗಿದ್ದನ್ನೇ ಆರಿಸಿಕೊಳ್ಳಿ, ಸೂಟ್‌ಕೇಸ್‌ನಲ್ಲಿ ಕೆಡುವುದಿಲ್ಲ.