ಪೆನಾಂಗ್‌ನ ಜಾರ್ಜ್ ಟೌನ್: ಹೊತ್ತು ನೋಡಿ ತಿನ್ನಬೇಕಾದ ಊರು

ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೊರಟವರು ನನ್ನನ್ನು ಕೇಳುವುದು 'ಏನೇನು ನೋಡಬೇಕು' ಅಂತ. ನಾನು ಹೇಳುವುದು ಬೇರೆ. ಯಾವ ತಿಂಡಿ ಯಾವ ಹೊತ್ತಿಗೆ ಸಿಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಅಲ್ಲಿಯ ಒಳ್ಳೆಯ ಗಾಡಿಗಳು ಇಡೀ ದಿನ ತೆರೆದಿರುವುದಿಲ್ಲ. ಬೆಳಗಿನದು ಬೆಳಿಗ್ಗೆಗೇ ಮುಗಿಯುತ್ತದೆ, ರಾತ್ರಿಯದು ಕತ್ತಲಾದ ಮೇಲೇ ಶುರು. ಹೊತ್ತು ಹಿಡಿದು ಓಡಾಡಿದರೆ ನೋಡುವ ಜಾಗಗಳು ದಾರಿಯಲ್ಲೇ ಸಿಗುತ್ತವೆ.

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಒಬ್ಬಳೇ, ಎರಡನೇ ಸಲ ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯ ಜೊತೆ. ನಾನು ಮೀನು ತಿನ್ನುವವಳು. ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಇಬ್ಬರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದು ಕೆಲಸ ಇದೆ. ಮಲೇಷ್ಯಾ ತಲುಪುವ ಮುಂಚಿನ 3 ದಿನದೊಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ಸರ್ಕಾರದ ವೆಬ್‌ಸೈಟ್‌ನಲ್ಲೇ ತುಂಬಿ. ದುಡ್ಡು ಕೇಳುವ ಜಾಗ ಕಂಡರೆ ಮುಚ್ಚಿಬಿಡಿ. 2023ರ ಡಿಸೆಂಬರ್‌ನಿಂದ ನಮ್ಮವರಿಗೆ 30 ದಿನದವರೆಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದ್ದಾರೆ. ಆ ವಿನಾಯಿತಿಗೆ ಗಡುವು ಇರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಕೌಲಾಲಂಪುರದಿಂದ ಬರುವುದಾದರೆ ರೈಲಿನಲ್ಲಿ ದ್ವೀಪದ ಎದುರು ದಡದ ಬಟರ್‌ವರ್ತ್‌ಗೆ ಬನ್ನಿ. ಸುಮಾರು ನಾಲ್ಕು ತಾಸು. ಸ್ಟೇಷನ್‌ನಿಂದ ನಡೆದುಕೊಂಡೇ ಫೆರಿ ಹತ್ತಬಹುದು. ನಾನು ಕೊಟ್ಟಿದ್ದು 2 ರಿಂಗಿಟ್. ಸೇತುವೆ ಮೇಲೆ ಬಸ್ಸೂ ಇದೆ, ಆದರೆ ಈ ಊರಿಗೆ ನೀರಿನ ಮೇಲಿಂದಲೇ ಬರಬೇಕು ಅಂತ ನನ್ನ ಮನಸ್ಸು. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಬಂದರು ಶುರು ಮಾಡಿದ. ಆಮೇಲೆ ಚೀನಾದಿಂದ, ತಮಿಳುನಾಡಿನಿಂದ, ಸುಮಾತ್ರಾದಿಂದ ಬಂದವರೆಲ್ಲ ಇದೇ ನೀರು ದಾಟಿ ಬಂದವರು. ಅವರು ತಂದ ಅಡುಗೆಯನ್ನೇ ನಾವು ಇವತ್ತು ತಿನ್ನುವುದು.

ಉಳಿಯಲು ಕಡಿಮೆ ಖರ್ಚಿನ ಹಾಸ್ಟೆಲ್‌ಗಳು ಚುಲಿಯಾ ಸ್ಟ್ರೀಟ್, ಲವ್ ಲೇನ್ ಸುತ್ತಮುತ್ತ ಸಿಗುತ್ತವೆ. ಲವ್ ಲೇನ್‌ನಲ್ಲಿ ರಾತ್ರಿ ಹಾಡು ಗದ್ದಲ ಜಾಸ್ತಿ. ನಿದ್ದೆ ಬೇಕಿದ್ದರೆ ಪಕ್ಕದ ಮುಂತ್ರಿ ಸ್ಟ್ರೀಟ್ ನೋಡಿ. ಹಳೇ ಅಂಗಡಿಮನೆಗಳಾದ್ದರಿಂದ ಮೆಟ್ಟಿಲು ಕಡಿದಾಗಿರುತ್ತವೆ, ಭಾರದ ಸೂಟ್‌ಕೇಸ್ ಬೇಡ. ತೆಳು ಹತ್ತಿ ಬಟ್ಟೆ, ಒಂದು ಛತ್ರಿ, ಬೇಗ ಬಿಚ್ಚುವಂಥ ಚಪ್ಪಲಿ ಸಾಕು. ಅಂಗಡಿಗಳ ಮುಂದಿನ ಮಾಡಿನಡಿಯ ಜಗಲಿಗೆ ಅಲ್ಲಿಯ ಮಲಯ ಭಾಷೆಯಲ್ಲಿ 'ಕಾಕಿ ಲಿಮಾ' ಅನ್ನುತ್ತಾರೆ, ಅಂದರೆ ಐದು ಅಡಿ. ಬಿಸಿಲಾಗಲಿ ಮಳೆಯಾಗಲಿ ಅದರಡಿಯಲ್ಲೇ ನಡೆಯಿರಿ.

ಬೆಳಿಗ್ಗೆ ಮಾಮಕ್ ಅಂಗಡಿಗೆ ಹೋಗಿ. ತಮಿಳು ಮುಸ್ಲಿಮರ ಹೋಟೆಲಿಗೆ ಅಲ್ಲಿ ಹಾಗನ್ನುತ್ತಾರೆ. 'ಮಾಮಾ' ಅನ್ನುವ ಮಾತಿನಿಂದಲೇ ಬಂದದ್ದು. ರೋಟಿ ಚನಾಯ್ ಹೇಳಿ. ಮೈದಾ ಉಂಡೆಯನ್ನು ಎಣ್ಣೆ ಕೈಯಲ್ಲಿ ಬೀಸಿ ಬೀಸಿ ಆಚೆ ಬದಿ ಕಾಣುವಷ್ಟು ತೆಳು ಮಾಡಿ, ಮಡಿಸಿ ಕಾವಲಿಗೆ ಹಾಕುತ್ತಾರೆ. ಜೊತೆಗೆ ತೆ ತಾರಿಕ್, ಎತ್ತರದಿಂದ ಎಳೆದು ಸುರಿದ ನೊರೆ ಟೀ. ಕಂಡೆನ್ಸ್ಡ್ ಹಾಲು ಹಾಕುವುದರಿಂದ ತುಂಬ ಸಿಹಿ. 'ಕುರಾಂಗ್ ಮಾನಿಸ್' ಅಂದರೆ ಸಿಹಿ ಕಡಿಮೆ ಮಾಡುತ್ತಾರೆ.

ಇಲ್ಲಿ ಸಸ್ಯಾಹಾರಿಗಳು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಮೊದಲ ದಿನ ನನ್ನ ಗೆಳತಿ ಬರೀ ರೋಟಿ ಅಂದಳು. ಬೇಳೆ ಸಾರಿನ ಮೇಲೆ ಅವರು ರೂಢಿಯಂತೆ ಒಂದು ಸೌಟು ಮೀನು ಸಾರನ್ನೂ ಸುರಿದರು. ಅವಳು ತಟ್ಟೆ ನೋಡುತ್ತಾ ಕೂತಳು, ಹಸಿದಿದ್ದಳು ಪಾಪ. ಮರುದಿನದಿಂದ ನಾವು ಹೇಳಿದ್ದು ಹೀಗೆ: 'ಕುವಾ ದಾಲ್ ಸಾಹಾಜಾ', ಅಂದರೆ ಬೇಳೆ ಸಾರು ಮಾತ್ರ. 'ಕುವಾ ಆಸಿಂಗ್' ಅಂದರೆ ಸಾರು ಬೇರೆ ಬಟ್ಟಲಲ್ಲಿ. ಈ ಎರಡು ಮಾತು ಕಲಿತ ಮೇಲೆ ತೊಂದರೆ ಆಗಲಿಲ್ಲ.

ತಿಂಡಿ ಆದ ಮೇಲೆ ಬಿಸಿಲು ಏರುವ ಮುಂಚೆ ಮಸೀದಿ ಕಾಪಿತಾನ್ ಕೆಲಿಂಗ್ ರಸ್ತೆಯಲ್ಲಿ ನಡೆಯಿರಿ. ಒಂದು ತುದಿಯಲ್ಲಿ 1818ರ ಸೇಂಟ್ ಜಾರ್ಜ್ ಚರ್ಚ್. ಮುಂದೆ ಊದುಬತ್ತಿ ಹೊಗೆಯಲ್ಲಿ ಮುಳುಗಿದ ಚೀನೀಯರ ಕ್ವಾನ್ ಯಿನ್ ದೇವಸ್ಥಾನ. ಅದನ್ನು ದಾಟಿದರೆ 1833ರ ಶ್ರೀ ಮಹಾಮಾರಿಯಮ್ಮನ ಗುಡಿ. ಈ ರಸ್ತೆಗೆ ಅದರ ಬೆನ್ನು, ಬಾಗಿಲು ಕ್ವೀನ್ ಸ್ಟ್ರೀಟ್ ಕಡೆಗೆ. ಆಮೇಲೆ ತಮಿಳು ಮುಸ್ಲಿಂ ವರ್ತಕರು 1801ರಲ್ಲಿ ಶುರು ಮಾಡಿದ ಮಸೀದಿ. ನಾಲ್ಕೂ ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ ಸಿಗುತ್ತವೆ. ಮಸೀದಿಯಲ್ಲಿ ಮೈ ಮುಚ್ಚಲು ನಿಲುವಂಗಿ ಕೊಡುತ್ತಾರೆ, ನಮಾಜಿನ ಹೊತ್ತು ಬಿಟ್ಟು ಹೋಗಿ. ರಸ್ತೆಯ ಹೆಸರಲ್ಲಿರುವ 'ಕೆಲಿಂಗ್' ಭಾರತೀಯರನ್ನು ಕರೆಯುತ್ತಿದ್ದ ಹಳೇ ಪದ. ಈಗ ಅದು ಬೈಗುಳ. ಜಾಗದ ಹೆಸರಿಗೆ ಬಿಟ್ಟು ಯಾರಿಗೂ ಆಡಬೇಡಿ.

ಮಧ್ಯಾಹ್ನಕ್ಕೆ ನಾಸಿ ಕಂದಾರ್. ನಾಸಿ ಅಂದರೆ ಅನ್ನ, ಕಂದಾರ್ ಅಂದರೆ ಹೆಗಲ ಮೇಲಿನ ಅಡ್ಡೆ. ಒಂದು ಕಾಲದಲ್ಲಿ ಅಡ್ಡೆಯ ಒಂದು ಬದಿ ಅನ್ನ, ಇನ್ನೊಂದು ಬದಿ ಸಾರು ಹೊತ್ತು ಬಂದರಿನ ಕೂಲಿಗಳಿಗೆ ಮಾರುತ್ತಿದ್ದರು. ಸಾಲಿನಲ್ಲಿ ನಿಂತು ಬೇಕಾದ್ದನ್ನು ಬೆರಳು ಮಾಡಿ ತೋರಿಸಿ. 'ಬಂಜಿರ್' ಅಂದರೆ ಪ್ರವಾಹ. ಹಾಗಂದರೆ ನಾಲ್ಕೈದು ಬಗೆಯ ಸಾರು ಒಟ್ಟಿಗೆ ಸುರಿದು ಅನ್ನ ಮುಳುಗಿಸುತ್ತಾರೆ. ರುಚಿ ಇರುವುದೇ ಆ ಬೆರಕೆಯಲ್ಲಿ. ಸಿಗಡಿ, ಮೀನಿನ ಮೊಟ್ಟೆ ದುಬಾರಿ, ಬಡಿಸಿಕೊಳ್ಳುವ ಮುಂಚೆ 'ಬೆರಾಪಾ?' ಅಂತ ಬೆಲೆ ಕೇಳಿ. ಸಸ್ಯಾಹಾರಿಗಳು ಲಿಟಲ್ ಇಂಡಿಯಾದ ಬಾಳೆ ಎಲೆ ಊಟಕ್ಕೆ ಹೋಗಿ.

ಇಳಿಹೊತ್ತಿಗೆ 204 ನಂಬರ್ ಬಸ್ ಹಿಡಿದು ಆಯರ್ ಇತಾಮ್‌ಗೆ ಹೋಗಿ. ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ, ಒಂದು ರಿಂಗಿಟ್ ನೋಟುಗಳನ್ನು ಕೂಡಿಟ್ಟುಕೊಳ್ಳಿ. ಗುಡ್ಡದ ಮೇಲೆ ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಇದೆ, ನೋಡಿ. ನಾನು ಹೋಗುವುದು ಮಾತ್ರ ಕೆಳಗಿನ ಮಾರುಕಟ್ಟೆ ಸುತ್ತ ಸಿಗುವ ಆಸಾಮ್ ಲಕ್ಸಾ ಅನ್ನುವ ಹುಳಿ ಶಾವಿಗೆ ಸಾರಿಗೆ.

ಮೊದಲ ಚಮಚಕ್ಕೇ ನನಗೆ ಕಣ್ಣು ತುಂಬಿ ಬಂತು. ಖಾರಕ್ಕಲ್ಲ. ಅದರಲ್ಲಿ ಬೇಯಿಸಿ ಬಿಡಿಸಿ ಹಾಕಿದ್ದು ನಮ್ಮದೇ ಬಂಗುಡೆ. ಹುಳಿಗೆ ಹುಣಸೆ, ಜೊತೆಗೆ ಉಪ್ಪಾಗೆಯ ಬಳಗದ ಒಣ ಹಣ್ಣಿನ ಹೋಳು. ಅಜ್ಜಿಯ ಮೀನು ಸಾರಿನ ಪರಿಮಳ ಇಷ್ಟು ದೂರದ ಬಟ್ಟಲಲ್ಲಿ ಎದ್ದು ಬಂದಿತ್ತು. ಮೇಲೆ ಮಾತ್ರ ಬೇರೆಯದೇ ಲೋಕ: ದಪ್ಪ ಅಕ್ಕಿ ಶಾವಿಗೆ, ಅನಾನಸ್, ಸೌತೆಕಾಯಿ, ಪುದೀನ, ಸಣ್ಣಗೆ ಹೆಚ್ಚಿದ ಕಾಡುಶುಂಠಿ ಜಾತಿಯ ಗುಲಾಬಿ ಬಣ್ಣದ ಮೊಗ್ಗು. ಒಂದು ಚಮಚದಲ್ಲಿ ಕಪ್ಪು ಬೆಲ್ಲದ ಪಾಕದಂಥದ್ದು ಕೊಡುತ್ತಾರೆ. ಅದು ಸಿಗಡಿಯ ಪೇಸ್ಟ್. ಒಂದೇ ಸಲಕ್ಕೆ ಕಲಸಬೇಡಿ. ಅರ್ಧ ಬಟ್ಟಲು ಹಾಗೇ ಕುಡಿದು ಆಮೇಲೆ ಸ್ವಲ್ಪ ಸ್ವಲ್ಪ ಬೆರೆಸಿ.

ರಾತ್ರಿ ಚುಲಿಯಾ ಸ್ಟ್ರೀಟ್‌ನ ಗಾಡಿಗಳು. ಮೊದಲು ಮೇಜು ಹಿಡಿಯಿರಿ, ನಂಬರ್ ಇದ್ದರೆ ನೆನಪಿಡಿ, ಆಮೇಲೆ ಗಾಡಿಗೆ ಹೋಗಿ ಹೇಳಿ. ತಟ್ಟೆ ಮೇಜಿಗೆ ಬಂದಾಗ ದುಡ್ಡು ಕೊಡುವುದು. ಕುಡಿಯುವುದಕ್ಕೆ ಬೇರೆಯವರು ಬಂದು ಕೇಳುತ್ತಾರೆ. ಕೂತ ಜಾಗ ಅವರದು, ಏನಾದರೂ ತಗೊಳ್ಳುವುದು ಮರ್ಯಾದೆ. ವಯಸ್ಸಾದವರನ್ನು ಅಂಕಲ್, ಆಂಟಿ ಅಂದರೆ ಸಾಕು.

ಚಾರ್ ಕ್ವೇ ತಿಯಾವ್ ಮಾಡುವ ಅಂಕಲ್‌ನ ಪಕ್ಕ ಐದು ನಿಮಿಷ ಸುಮ್ನೆ ನಿಂತು ನೋಡಿ. ಬಾಣಲೆ ಹೊಗೆಯಾಡುವಾಗ ಬೆಳ್ಳುಳ್ಳಿ, ಅಗಲ ಅಕ್ಕಿ ಶಾವಿಗೆ, ಸೋಯಾ. ಬದಿಗೆ ಸರಿಸಿ ಮೊಟ್ಟೆ. ಕೊನೆಗೆ ಸಿಗಡಿ, ಮೊಳಕೆ, ಮರುವಾಯಿಯಂಥ ಚಿಪ್ಪಿನ ಮಾಂಸ. ಒಳ್ಳೆಯವರು ಒಂದು ಸಲಕ್ಕೆ ಒಂದೇ ತಟ್ಟೆ ಮಾಡುತ್ತಾರೆ. ಆ ಸುಟ್ಟ ಘಮ ಬರುವುದು ಹಾಗೆ. ಸಾಲು ಉದ್ದ ಇದ್ದರೂ ಕಾಯಿರಿ. ಚೀನೀ ಗಾಡಿಗಳಲ್ಲಿ ಇದಕ್ಕೆ ಹಂದಿ ಕೊಬ್ಬು ಹಾಕುವುದು ಸಾಮಾನ್ಯ, ಬೇಡದವರು ಕೇಳಿಯೇ ತಗೊಳ್ಳಿ.

ಸಸ್ಯಾಹಾರಿಗಳು ಈ ಸಾಲು ಬಾಯಿಪಾಠ ಮಾಡಿ: 'ಸಾಯಾ ತಾಕ್ ಮಾಕಾನ್ ದಾಗಿಂಗ್, ಇಕಾನ್, ಉದಾಂಗ್'. ಮಾಂಸ, ಮೀನು, ಸಿಗಡಿ ತಿನ್ನಲ್ಲ ಅಂತ. ಮೊಟ್ಟೆ ಬೇಡದಿದ್ದರೆ 'ತೆಲೂರ್' ಸೇರಿಸಿ. 'ಬೆಲಾಚಾನ್' ಅನ್ನುವ ಸಿಗಡಿ ಪೇಸ್ಟ್ ಸಾಂಬಾಲ್ ಚಟ್ನಿಯಲ್ಲಿ ಅಡಗಿರುತ್ತದೆ, ಹಸಿರು ಸೊಪ್ಪಿನ ಪಲ್ಯದಲ್ಲೂ ಇರಬಹುದು. ಅದನ್ನು ಹೆಸರು ಹಿಡಿದೇ ಕೇಳಬೇಕು. ನಿಶ್ಚಿಂತೆಯಿಂದ ತಿನ್ನಲು ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿವೆ. ಹಲವು ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಚೀನೀಯರಲ್ಲಿ ಅನೇಕರು ಮಾಂಸ ಬಿಡುವುದರಿಂದ ಅಲ್ಲಿ ಬಗೆಗಳೂ ಜಾಸ್ತಿ. ತಟ್ಟೆಯಲ್ಲಿ ಕೋಳಿಯಂಥದ್ದು ಕಂಡರೆ ಹೆದರಬೇಡಿ, ಸೋಯಾ ಅಥವಾ ಗೋಧಿಯಿಂದ ಮಾಡಿದ್ದು.

ಹೊರಡುವ ದಿನ ಬೇಗ ಎದ್ದು, ಬಾಳೆ ಎಲೆಯಲ್ಲಿ ಕಟ್ಟಿದ ನಾಸಿ ಲೆಮಕ್ ಎರಡು ಪೊಟ್ಟಣ ತಗೊಳ್ಳಿ. ತೆಂಗಿನ ಹಾಲಿನ ಅನ್ನ, ಮೇಲೆ ಒಂದು ಚಮಚ ಸಾಂಬಾಲ್. ಚೀಲದಲ್ಲಿ ಎಲ್ಲಕ್ಕಿಂತ ಮೇಲಿಡಿ, ಎಲೆ ಒಡೆಯಬಾರದು. ಫೆರಿ ಬಿಟ್ಟ ಮೇಲೆ ಬಿಚ್ಚಿ, ಇನ್ನೂ ಬೆಚ್ಚಗಿರುತ್ತದೆ.