ಶಾಸಕರ ಪಿಎ ಆಗಿ ಹತ್ತು ವರ್ಷ: ನನ್ನ ಅನುಭವ

ಬೆಳಗ್ಗೆ ಆರೂವರೆಗೆ ಸಾಹೇಬರ ಮನೆ ಜಗಲಿ ಕೆಳಗೆ ಬಿದ್ದಿರುವ ಚಪ್ಪಲಿ ನೋಡಿದರೆ ಸಾಕು, ಅವತ್ತು ತಿಂಡಿ ಎಷ್ಟು ಗಂಟೆಗೆ ಅಂತ ಗೊತ್ತಾಗುತ್ತಿತ್ತು. ನಮ್ಮದು ಮಲೆನಾಡಿನ ಸಣ್ಣ ಊರು. 2013ರಿಂದ 2023ರವರೆಗೆ ಅಲ್ಲಿನ ಶಾಸಕರಿಗೆ ನಾನು ಪಿಎ.

ಶಾಸಕರ ಕೈಲಿ ದುಡ್ಡು ಕೊಳೆಯುತ್ತದೆ ಅಂತ ಎಲ್ಲರ ಲೆಕ್ಕ. ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ನಿಜ. ಆದರೆ ಅದು ಜಿಲ್ಲಾಧಿಕಾರಿಗಳ ಖಾತೆಯಲ್ಲಿರುತ್ತದೆ. ಯಾವ ಕೆಲಸ ಆಗಬೇಕು ಅಂತ ಪತ್ರ ಬರೆಯುವುದಷ್ಟೇ ಶಾಸಕರ ಪಾಲು. ಉಳಿದಂತೆ ಬರುತ್ತಿದ್ದದ್ದು ಸುಟ್ಟುಹೋದ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್), ಹಾಸ್ಟೆಲ್ ಸೀಟು, ಆಸ್ಪತ್ರೆ ಬಿಲ್ಲು. ಎಲ್ಲಕ್ಕಿಂತ ಜಾಸ್ತಿ ಬಗರ್‌ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡಿಕೊಂಡವರು ಅದನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿ.

ಮೊದಮೊದಲು ಯಾರು ಬಂದರೂ ಲೆಟರ್‌ಹೆಡ್ ತೆಗೆದು 'ಸದರಿ ಅರ್ಜಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು' ಅಂತ ಟೈಪ್ ಮಾಡಿ ಕೊಡುತ್ತಿದ್ದೆ. ಬಂದವರಿಗೂ ಖುಷಿ, ನನಗೂ ಕೆಲಸ ಮುಗಿಯಿತು. ಒಂದು ದಿನ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ನಗುತ್ತಾ, "ಸಾರ್, ನಿಮ್ಮ ಪತ್ರಗಳಿಗೇ ಒಂದು ಬೀರು ಬೇಕು" ಅಂದರು. ಆಮೇಲೆ ಸರ್ವೆ ನಂಬರ್, ಹೋಬಳಿ, ಅರ್ಜಿ ದಿನಾಂಕ, ಫೈಲ್ ಯಾರ ಟೇಬಲ್ ಮೇಲಿದೆ ಎಂಬುದಿಲ್ಲದೆ ಪತ್ರ ಬರೆಯಲಿಲ್ಲ. ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು.

ಅದರಲ್ಲೂ ಎಡವಿದೆ. ಒಬ್ಬ ಅಜ್ಜಿ ಫಾರಂ 53ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ಇಂಥ ಅರ್ಜಿ ತೀರ್ಮಾನಿಸುವ ಬಗರ್‌ಹುಕುಂ ಸಮಿತಿಗೆ ನಮ್ಮ ಸಾಹೇಬರೇ ಅಧ್ಯಕ್ಷರು. ಮೂರು ಸಲ ಪತ್ರ ಹೋಯಿತು, ಮೂರು ಸಲವೂ 'ಕಡತ ಲಭ್ಯವಿಲ್ಲ'. ಕೊನೆಗೆ ನಾನೇ ಅಜ್ಜಿಗೆ, "ನೀವು ಅರ್ಜಿ ಹಾಕೇ ಇಲ್ಲ ಅನ್ಸುತ್ತೆ" ಅಂದುಬಿಟ್ಟೆ. ಅವರು ಏನೂ ಮಾತಾಡದೆ ಚೀಲ ಎತ್ತಿಕೊಂಡು ಹೋದರು.

ಅಧಿವೇಶನಕ್ಕೆ ಪ್ರಶ್ನೆ ಬರೆಯುವುದೂ ನನ್ನ ಕೆಲಸವೇ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಟಿವಿಯಲ್ಲಿ ಬರುತ್ತದೆ. ಶಾಸಕರಿಗೆಲ್ಲ ಅದೇ ಬೇಕು. ನನ್ನ ಕೇಳಿದರೆ ಚುಕ್ಕೆ ಇಲ್ಲದ್ದೇ ವಾಸಿ. ಉತ್ತರ ಬರಹದಲ್ಲಿ ಬರುತ್ತದೆ, ಹಿಂದೆ ಅನುಬಂಧ ಇರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಫಾರಂ 50, 53, 57ರ ಬಗರ್‌ಹುಕುಂ ಅರ್ಜಿ ಎಷ್ಟು ಬಾಕಿ ಇವೆ, ಹೋಬಳಿವಾರು ಪಟ್ಟಿ ಕೊಡಿ ಅಂತ ಒಂದು ಪ್ರಶ್ನೆ ಹಾಕಿದೆವು. ಬೆಂಗಳೂರಿಗೆ ಉತ್ತರ ಕಳಿಸಬೇಕಲ್ಲ, ತಾಲ್ಲೂಕು ಕಚೇರಿಯಲ್ಲಿ ರೆಕಾರ್ಡ್ ರೂಮಿನ ಕಟ್ಟುಗಳನ್ನೆಲ್ಲ ಬಿಚ್ಚಿ ಎಣಿಸಿದರು.

ಆ ಪಟ್ಟಿಯಲ್ಲಿ ಅಜ್ಜಿಯ ಹೆಸರಿತ್ತು. ಸರ್ವೆ ನಂಬರ್ 47. ರಿಜಿಸ್ಟರ್ ತೆಗೆದು ನೋಡಿದರೆ ನಾನು ಮೂರು ಸಲವೂ 74 ಅಂತ ಬರೆದಿದ್ದೆ.

ಸಾಹೇಬರು ಬೈಯಲಿಲ್ಲ. "ಫೋನ್ ಮಾಡ್ಬೇಡ, ಹೋಗಿ ಹೇಳಿ ಬಾ" ಅಂದರು. ಹೋದೆ. ಅಜ್ಜಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಬಿಸ್ಕತ್ ಡಬ್ಬಿಯಿಂದ ಅರ್ಜಿಯ ರಸೀದಿ ತೆಗೆದು ಕೈಗಿಟ್ಟರು. "ಇದನ್ನ ನೀವು ಕೇಳ್ಲೇ ಇಲ್ವಲ್ಲ ಮಾರಾಯ್ರೆ" ಅಂದರು.

ಸಮಿತಿಯಲ್ಲಿ ಅರ್ಜಿ ಪಾಸಾಯಿತು. ಜಾಗ ಮಂಜೂರಾಗಿದೆ ಅಂತ ಕೊಡುವ ಸಾಗುವಳಿ ಚೀಟಿ ಕೈಗೆ ಬರುವ ಮೊದಲೇ, ಜಾಗ ಕಂದಾಯದ್ದೋ ಅರಣ್ಯದ್ದೋ ಅಂತ ಜಂಟಿ ಸರ್ವೆಗೆ ಹೋಯಿತು. ಅಷ್ಟರಲ್ಲಿ ಚುನಾವಣೆ ಬಂತು, ಸಾಹೇಬರು ಸೋತರು. ಹೊಸ ಶಾಸಕರ ಪಿಎ ನನಗೆ ಪರಿಚಯದ ಹುಡುಗ. ರಿಜಿಸ್ಟರ್ ಅವನ ಕೈಗೆ ಕೊಡುವಾಗ ಅಜ್ಜಿಯ ಪುಟ ಮಡಚಿ ಕೊಟ್ಟೆ. 47, ಕೆಂಪು ಇಂಕಿನಲ್ಲಿ.