ಸ್ಟಾಪರ್ ಸ್ಥಾನದಲ್ಲಿ ನಾನು ಕಲಿತದ್ದು

ಫುಟ್‌ಬಾಲ್‌ನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್ ಆಗಿ ಆಡಿ ಬದುಕು ಕಟ್ಟಿಕೊಂಡ ನನ್ನನ್ನು ಹುಡುಗರು ಹೆಚ್ಚಾಗಿ ಕೇಳುವುದು ಟ್ಯಾಕಲ್ ಬಗ್ಗೆ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದರ ಬಗ್ಗೆ. ಚೆಂಡಿಗೆ ಜಾರಿಕೊಂಡು ಹೋಗುವುದು ನೋಡಲು ಚೆನ್ನಾಗಿರುತ್ತದೆ, ಪ್ರೇಕ್ಷಕರು ಚಪ್ಪಾಳೆ ತಟ್ಟುವುದೂ ಅದಕ್ಕೇ. ಆದರೆ ಡಿಫೆಂಡರ್‌ನ ಕೆಲಸದ ಬಹುಪಾಲು ಚೆಂಡು ಅವನ ಬಳಿ ಬರುವುದಕ್ಕೆ ಮುಂಚೆಯೇ ಮುಗಿದಿರಬೇಕು ಎಂಬುದನ್ನು ನಾನು ಮೈದಾನದಲ್ಲಿ ಕಂಡುಕೊಂಡಿದ್ದೇನೆ. ಎಲ್ಲಿ ನಿಂತಿದ್ದೇನೆ, ದೇಹ ಯಾವ ಕಡೆಗೆ ತಿರುಗಿದೆ, ನನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂಬ ಮೂರು ಸಂಗತಿಗಳು ಸರಿಯಾಗಿದ್ದ ದಿನಗಳಲ್ಲಿ ನಾನು ನೆಲಕ್ಕೆ ಬೀಳುವ ಸಂದರ್ಭವೇ ಬರುತ್ತಿರಲಿಲ್ಲ.

ನಾನು ಆಟ ಕಲಿತದ್ದು ಬೆಂಗಳೂರಿನ ಆಸ್ಟಿನ್ ಟೌನ್ ಸುತ್ತಿನ ಮಣ್ಣಿನ ಮೈದಾನಗಳಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ಹೆಸರನ್ನು ಹಿರಿಯರ ಬಾಯಲ್ಲಿ ಕೇಳುತ್ತಲೇ ಬೆಳೆದ ಹುಡುಗರು ನಾವು. ಹಾಗಾಗಿ ಎಲ್ಲರಿಗೂ ಮುಂದೆ ಆಡುವ ಆಸೆ. ನನಗೆ ಮಾತ್ರ ಹಿಂದಿನ ಸ್ಥಾನವೇ ಹಿಡಿಸಿತು, ಏಕೆಂದರೆ ಇಡೀ ಆಟ ಕಣ್ಣ ಮುಂದೆ ಬಿಚ್ಚಿಕೊಳ್ಳುವುದು ಗೋಲ್‌ಕೀಪರ್ ಮತ್ತು ಸ್ಟಾಪರ್‌ಗೆ ಮಾತ್ರ. ಮಣ್ಣಿನ ಮೈದಾನದಲ್ಲಿ ಚೆಂಡು ಹೇಗೆ ಪುಟಿಯುತ್ತದೆ ಎಂದು ಹೇಳಲಾಗದು, ಆದ್ದರಿಂದ ಪುಟಿಯುವ ಮುನ್ನವೇ ಅದನ್ನು ತಲುಪುವುದು, ಆಗದಿದ್ದರೆ ಒಂದು ಹೆಜ್ಜೆ ಹಿಂದೆ ನಿಂತು ಕಾಯುವುದು, ಇವೆರಡರಲ್ಲಿ ಒಂದನ್ನು ತಕ್ಷಣ ಆರಿಸಿಕೊಳ್ಳುವ ಅಭ್ಯಾಸ ಅಲ್ಲಿಯೇ ಬಂತು.

ಒಬ್ಬನೇ ಫಾರ್ವರ್ಡ್ ಚೆಂಡಿನೊಂದಿಗೆ ಎದುರು ಬಂದಾಗ ನಾನು ಮಾಡುತ್ತಿದ್ದುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಅವನ ಕಡೆಗೆ ವೇಗವಾಗಿ ಓಡಿ, ಒಂದೆರಡು ಮೀಟರ್ ಬಾಕಿ ಇರುವಾಗ ಹೆಜ್ಜೆಗಳನ್ನು ಚಿಕ್ಕದು ಮಾಡಿ ವೇಗ ಇಳಿಸಬೇಕು. ಪೂರ್ತಿ ವೇಗದಲ್ಲಿ ಹೋದವನನ್ನು ಒಂದೇ ತಿರುವಿನಲ್ಲಿ ದಾಟಿಬಿಡಬಹುದು. ಎದೆಯನ್ನು ಅವನಿಗೆ ನೇರವಾಗಿ ಒಡ್ಡದೆ ಓರೆಯಾಗಿ ನಿಂತು, ಮೊಣಕಾಲು ಬಗ್ಗಿಸಿ, ಭಾರವನ್ನು ಹಿಮ್ಮಡಿಗೆ ಬಿಡದೆ ಪಾದದ ಮುಂಭಾಗದಲ್ಲಿ ಇಟ್ಟುಕೊಳ್ಳಬೇಕು. ನಾನು ನಿಲ್ಲುವ ಓರೆಯೇ ಅವನಿಗೆ ದಾರಿ ತೋರಿಸುತ್ತದೆ: ಗೋಲಿನ ಕಡೆಯ ದಾರಿ ಮುಚ್ಚಿ, ಟಚ್‌ಲೈನ್ (ಮೈದಾನದ ಬದಿಯ ಗೆರೆ) ಕಡೆಯದನ್ನು ಅಥವಾ ಅವನ ದುರ್ಬಲ ಕಾಲಿನ ಕಡೆಯದನ್ನು ತೆರೆದಿಡುತ್ತಿದ್ದೆ. ಕಣ್ಣು ಚೆಂಡಿನ ಮೇಲಿರಬೇಕು, ಕಾಲಿನ ಆಟದ ಮೇಲಲ್ಲ. ಕಾಲುಗಳು ಎಷ್ಟು ಸುಳ್ಳು ಹೇಳಿದರೂ ಚೆಂಡು ಕದಲುವವರೆಗೆ ಏನೂ ಆಗಿರುವುದಿಲ್ಲ. ಅವನು ಚೆಂಡನ್ನು ಪಾದದಿಂದ ತುಸು ದೂರ ತಳ್ಳಿದ ಆ ಒಂದು ಕ್ಷಣವೇ ಕಾಲು ಹಾಕುವ ಸಮಯ. ಅದು ಬರದಿದ್ದರೆ ಹಿಂದೆ ಸರಿಯುತ್ತಲೇ ಇರಬೇಕು, ಅಷ್ಟರಲ್ಲಿ ಮಿಡ್‌ಫೀಲ್ಡರ್‌ಗಳು ಹಿಂದಿರುಗುತ್ತಾರೆ. ಎದುರಾಳಿಯನ್ನು ತಡಮಾಡಿಸಿದರೂ ನನ್ನ ಕೆಲಸ ಆದಂತೆಯೇ.

ಇಷ್ಟಾದರೂ ಇದು ಒಬ್ಬನ ವಿದ್ಯೆ. ನಾಲ್ವರು ಒಂದು ಸಾಲಾಗಿ ಚಲಿಸುವುದನ್ನು ನಾನು ಕಲಿತದ್ದು ಗೋವಾದ ಕ್ಲಬ್ ಒಂದಕ್ಕೆ ಆಡಲು ಹೋದ ಮೇಲೆ. ಅಲ್ಲಿನ ಕೋಚ್ ಒಂದೇ ಪ್ರಶ್ನೆಯನ್ನು ದಿನವೂ ಕೇಳುತ್ತಿದ್ದರು: ಚೆಂಡು ಇರುವವನ ಮೇಲೆ ಒತ್ತಡ ಇದೆಯೋ ಇಲ್ಲವೋ? ಅವನು ತಲೆ ಎತ್ತಿ ದೂರಕ್ಕೆ ನೋಡಲು ಪುರುಸೊತ್ತು ಇದ್ದರೆ ಇಡೀ ಸಾಲು ಹಿಂದಕ್ಕೆ ಇಳಿಯಬೇಕು. ಅವನು ಬೆನ್ನು ತಿರುಗಿಸಿದರೆ ಅಥವಾ ಚೆಂಡು ಹಿಂದಕ್ಕೆ ಹೋದರೆ ಇಡೀ ಸಾಲು ಮುಂದಕ್ಕೆ ಏರಬೇಕು, ಆಗ ಸಾಲಿನ ಹಿಂದೆ ಉಳಿದ ದಾಳಿಗಾರ ಪಾಸ್ ಪಡೆದರೆ ಆಫ್‌ಸೈಡ್ ಆಗುತ್ತಾನೆ. ದಾಳಿಗಾರ ಗೋಲ್‌ಕೀಪರ್‌ನನ್ನೂ ಲೆಕ್ಕ ಹಿಡಿದು ಕೊನೆಯಿಂದ ಎರಡನೆಯ ಎದುರಾಳಿಗೆ, ಸಾಮಾನ್ಯವಾಗಿ ಕೊನೆಯ ಡಿಫೆಂಡರ್‌ಗೆ, ಸಮನಾಗಿದ್ದರೆ ಆಫ್‌ಸೈಡ್ ಅಲ್ಲ ಎಂಬ ನಿಯಮ 1990ರಿಂದ ಇದೆ, ಆದ್ದರಿಂದ ನಮ್ಮಲ್ಲಿ ಒಬ್ಬನು ಅರ್ಧ ಹೆಜ್ಜೆ ಹಿಂದುಳಿದರೂ ಉಳಿದ ಮೂವರ ಶ್ರಮ ವ್ಯರ್ಥ. ಇದಕ್ಕೆ ಮಾತು ಬೇಕು. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಹಿಂದಿ ಎಲ್ಲವೂ ಬೆರೆತು ಕೂಗುತ್ತಿದ್ದ ನಾವು, ಅಲ್ಲಿ 'ಅಪ್', 'ಡ್ರಾಪ್', 'ಮ್ಯಾನ್ ಆನ್' (ಎದುರಾಳಿ ಮೈಮೇಲೆ ಬಂದ) ಎಂಬ ಚುಟುಕು ಪದಗಳಿಗೆ ಒಗ್ಗಿಕೊಂಡೆವು. ಕೂಗುವ ಕೆಲಸ ಸ್ಟಾಪರ್‌ನದು. ಮೌನವಾಗಿ ಆಡುವ ಸ್ಟಾಪರ್ ಎಷ್ಟೇ ಚುರುಕಾಗಿದ್ದರೂ ನಾನು ಅವನನ್ನು ತಂಡಕ್ಕೆ ಆರಿಸುವುದಿಲ್ಲ.

ಹೆಡ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದು ಕಾಲಿನಿಂದ ನೆಗೆಯಿರಿ, ಹಣೆಯಿಂದ ಹೊಡೆಯಿರಿ, ಎತ್ತರಕ್ಕೆ ಮತ್ತು ಬದಿಗೆ ಕಳುಹಿಸಿ, ಗೋಲಿನ ಮುಂದಿನ ಜಾಗಕ್ಕೆ ಎಂದೂ ಬೀಳಿಸಬೇಡಿ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್, ಮುಂದಿನ ಸಾಲಿನಲ್ಲಿ ಆಡಿ ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಗೋಲು ಹೊಡೆದರು, ಭಾರತ 2-1ರಿಂದ ಚಿನ್ನ ಗೆದ್ದಿತು. ಆ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೂ ಇಂದು ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ನಾನು ಆ ಕ್ಷಣವೇ ಹೊರಗೆ ಕರೆಸುತ್ತೇನೆ. ವೈದ್ಯರು ಒಪ್ಪದೆ ಅವನು ಮತ್ತೆ ಆಡಕೂಡದು.

ಇನ್ನು ಹೊಟ್ಟೆಪಾಡಿನ ಮಾತು. ನನಗಿಂತ ಹಿಂದಿನ ತಲೆಮಾರಿನ ಬೆಂಗಳೂರು ಆಟಗಾರರು ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), ಎಚ್‌ಎಎಲ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಕ್ರೀಡಾ ಕೋಟಾದ ನೌಕರಿ ಪಡೆದು, ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ ಎಂಬ ಕ್ರಮದಲ್ಲಿ ಆಡಿದರು, ಆಟ ನಿಂತ ಮೇಲೂ ಸಂಬಳ ನಿಲ್ಲಲಿಲ್ಲ. 2007ರಲ್ಲಿ ಐ-ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ವೃತ್ತಿಪರ ಲೀಗ್‌ಗಳು ಬಂದ ಮೇಲೆ ಕ್ಲಬ್ ಒಪ್ಪಂದವೇ ಜೀವನಾಧಾರವಾಯಿತು. ನಾನು ಒಪ್ಪಂದವನ್ನು ಆರಿಸಿಕೊಂಡೆ, ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಒಂದು ಕ್ಲಬ್‌ನಲ್ಲಿ ತೊಡೆಸಂದಿಯ ನೋವಿನಿಂದ ಹೊರಗೆ ಕುಳಿತಾಗ ಸಂಬಳ ತಿಂಗಳುಗಟ್ಟಲೆ ಬರಲಿಲ್ಲ, ಚಿಕಿತ್ಸೆಯ ಬಿಲ್ಲುಗಳನ್ನು ನಾನೇ ಕಟ್ಟಬೇಕಾಯಿತು. ಆದ್ದರಿಂದ ಸಹಿ ಮಾಡುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಸಂಬಳದ ಅಂಕಿಗಿಂತ ಮೊದಲು ಗಾಯದ ಕಾಲದ ಷರತ್ತನ್ನು ಓದಿ, ಒಪ್ಪಂದದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಆ ಗಾಯದ ಅನಂತರ ತೊಡೆಯ ಒಳಭಾಗಕ್ಕೂ ಹಿಂಭಾಗಕ್ಕೂ ಬಲ ಕೊಡುವ ವ್ಯಾಯಾಮಗಳನ್ನು ನಾನು ಆಟ ನಿಲ್ಲಿಸುವವರೆಗೂ ತಪ್ಪಿಸಲಿಲ್ಲ. ಹಿಂದಕ್ಕೆ ಓಡುತ್ತಾ ಥಟ್ಟನೆ ತಿರುಗುವ ಡಿಫೆಂಡರ್‌ಗೆ ಮೊದಲು ಸೋಲುವುದು ಆ ಸ್ನಾಯುಗಳೇ.

ಈಗ ಕೋಚಿಂಗ್ ಲೈಸೆನ್ಸ್ ಪಡೆದು ಮಕ್ಕಳಿಗೆ ಕಲಿಸುತ್ತಿದ್ದೇನೆ. 1968-69ರ ಬಳಿಕ ಮೊದಲ ಬಾರಿಗೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ರಾಜ್ಯ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಎಲ್ಲರೂ ಮೂರು ಗೋಲುಗಳನ್ನು ಮೆಚ್ಚಿದರು. ನಾನು ಮಕ್ಕಳೊಂದಿಗೆ ಚರ್ಚಿಸಿದ್ದು ಬಿಟ್ಟುಕೊಟ್ಟ ಎರಡನ್ನು. ಇಂದಿನ ಡಿಫೆಂಡರ್‌ನಿಂದ ನಿರೀಕ್ಷೆಯೂ ಹೆಚ್ಚಿದೆ. ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂದು 1992ರಲ್ಲಿ ನಿಯಮ ಬಂತು. 2019ರಿಂದ ಗೋಲ್ ಕಿಕ್ಕನ್ನು, ಅಂದರೆ ತನ್ನ ಗೋಲಿನ ಮುಂದಿನಿಂದ ಆಟ ಮತ್ತೆ ಶುರುಮಾಡಲು ಒದೆಯುವ ಚೆಂಡನ್ನು, ಡಿಫೆಂಡರ್ ಗೋಲಿನ ಮುಂದಿನ ಪೆನಾಲ್ಟಿ ಏರಿಯಾದ ಒಳಗೇ ಸ್ವೀಕರಿಸಬಹುದು. ಹಾಗಾಗಿ ಸ್ಟಾಪರ್‌ಗೆ ಎರಡೂ ಕಾಲುಗಳಲ್ಲಿ ಪಾಸ್ ಇರಲೇಬೇಕು. ನಾಲ್ವರು ಡಿಫೆಂಡರ್‌ಗಳ ಎದುರು ಆರು ದಾಳಿಗಾರರನ್ನು ಬಿಟ್ಟು, ಟ್ಯಾಕಲ್‌ಗೆ ಅವಕಾಶವೇ ಕೊಡದೆ, ಬರೀ ನಿಲ್ಲುವ ಜಾಗದಿಂದಲೇ ದಾಳಿಯನ್ನು ತಡೆಯುವ ಅಭ್ಯಾಸವನ್ನು ವಾರವಾರವೂ ಮಾಡಿಸುತ್ತೇನೆ. ಮೊದಮೊದಲು ಹುಡುಗರಿಗೆ ಕೈಕಾಲು ಕಟ್ಟಿದಂತಾಗುತ್ತದೆ. ಒಂದು ಋತು ಕಳೆಯುವಷ್ಟರಲ್ಲಿ ಪಾಸ್ ಹೊರಡುವ ಮುನ್ನವೇ ಅವರು ಹೆಗಲ ಮೇಲಿಂದ ಹಿಂದಕ್ಕೆ ನೋಡತೊಡಗಿರುತ್ತಾರೆ. ಟ್ಯಾಕಲ್ ಕಲಿಸುವುದನ್ನು ನಾನು ಶುರುಮಾಡುವುದು ಅಲ್ಲಿಂದ ಮುಂದೆ.